ಫೀಸು ಕಟ್ಟುವವರು ನಾವು, ಮಗನ ಅಂಕ ಮಾತ್ರ ನಮಗೆ ಯಾಕೆ ಹೇಳುವುದಿಲ್ಲ?

ಪ್ರಶ್ನೆ: ನನ್ನ ಮಗ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಓದುತ್ತಿದ್ದಾನೆ. ಈಗ ಎರಡನೇ ವರ್ಷ, ವಯಸ್ಸು 19. ಮನೆ ಅಡವಿಟ್ಟು ಸಾಲ ಮಾಡಿ ಕಳಿಸಿದ್ದೇವೆ. ಕಳೆದ ಸೆಮಿಸ್ಟರ್‌ನಿಂದ ಅಂಕದ ವಿಷಯ ಕೇಳಿದರೆ ಮಾತು ತೇಲಿಸುತ್ತಾನೆ. ಫೋನ್ ಮಾಡುವುದೂ ಕಡಿಮೆಯಾಗಿದೆ. ಕಾಲೇಜಿಗೆ ಮೇಲ್ ಮಾಡಿದರೆ, ಫೆರ್ಪಾ ಕಾಯ್ದೆ ಪ್ರಕಾರ ಏನೂ ಹೇಳಲು ಆಗುವುದಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನಿಗೆ ಅವನ ಮಗಳ ಕಾಲೇಜಿನವರು ಎಲ್ಲ ಹೇಳುತ್ತಾರಂತೆ. ನಮಗೊಂದು ನ್ಯಾಯ, ಅವರಿಗೊಂದು ನ್ಯಾಯವೇ? ಮಗನನ್ನು ಕಳಿಸಿದ ಕನ್ಸಲ್ಟೆನ್ಸಿಯವರ ಹತ್ತಿರ ಅವನ ಪೋರ್ಟಲ್ ಪಾಸ್‌ವರ್ಡ್ ಇದೆ. ನೋಡಿ ಹೇಳುತ್ತೇವೆ ಅನ್ನುತ್ತಿದ್ದಾರೆ. ನೋಡಿಸಬಹುದಾ? ನಾಳೆ ಅವನಿಗೆ ಏನಾದರೂ ಆದರೂ ಕಾಲೇಜು ನಮಗೆ ಹೇಳುವುದಿಲ್ಲವೇ?
ಶಿವಮೊಗ್ಗದ ಒಬ್ಬ ತಾಯಿ

ಉತ್ತರ:

ನಮಸ್ಕಾರ ಅಮ್ಮಾ. ಮೊದಲು ನೇರವಾಗಿ ಉತ್ತರ ಹೇಳಿಬಿಡುತ್ತೇನೆ. ಕಾಲೇಜು ಕಾನೂನಿನ ಪ್ರಕಾರವೇ ನಡೆದುಕೊಂಡಿದೆ. ಮಗ ಬರೆದುಕೊಟ್ಟರೆ ಅವರು ನಿಮಗೆ ಅಂಕ ಹೇಳಬಹುದು. ಬರೆದುಕೊಡದಿದ್ದರೆ ಹೇಳುವುದಿಲ್ಲ. ಪಾಸ್‌ವರ್ಡ್ ದಾರಿ ಬೇಡವೇ ಬೇಡ. ಮಗನ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಕಂಡರೆ ನಿಮಗೆ ತಿಳಿಸಲು ಕಾಲೇಜಿಗೆ ಪೂರ್ತಿ ಅವಕಾಶ ಇದೆ. ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ನಿಮಗೆ ಇವತ್ತು ಬೇಕಾಗಿರುವುದು ಅದೇ. ಕಾಲೇಜು ನಿಮಗೆ ಹೇಳುವುದಕ್ಕೆ ಕಾನೂನಿನ ಅಡ್ಡಿ ಇದೆ. ನೀವು ಕಾಲೇಜಿಗೆ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದನ್ನು ಹೇಗೆ ಮಾಡಬೇಕೆಂದು ಮುಂದೆ ವಿವರವಾಗಿ ಬರೆದಿದ್ದೇನೆ.

ನಿಮ್ಮ ಪತ್ರದಲ್ಲಿ ನೋವಿದೆ. ಹೆತ್ತವರನ್ನೇ ಹೊರಗಿನವರ ಹಾಗೆ ಕಂಡರಲ್ಲ ಅನ್ನುವ ನೋವು. ನಮ್ಮಲ್ಲಿ ಹಾಜರಾತಿ ಕಡಿಮೆಯಾದರೆ ಕಾಲೇಜಿನಿಂದ ಮನೆಗೇ ಪತ್ರ ಬರುತ್ತದೆ. ಅಪ್ಪನನ್ನು ಕರೆದುಕೊಂಡು ಬಾ ಅನ್ನುತ್ತಾರೆ. ಅಂಕ ನೋಟಿಸ್ ಬೋರ್ಡಿನಲ್ಲೇ ತೂಗುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಆ ಎರಡು ಸಾಲಿನ ಉತ್ತರ ಚುಚ್ಚಿದ್ದು ಸಹಜ. ಆದರೆ ಈ ಕಾಯ್ದೆ ತಂದೆತಾಯಿಯನ್ನು ದೂರ ಇಡಲು ಹುಟ್ಟಿದ್ದಲ್ಲ. ಅದರ ಕತೆ ತಿಳಿದರೆ ಕಾಲೇಜಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು.

ಕುಟುಂಬಗಳ ಶೈಕ್ಷಣಿಕ ಹಕ್ಕು ಮತ್ತು ಖಾಸಗಿತನದ ಕಾಯ್ದೆಯನ್ನು ಅಲ್ಲಿ ಚಿಕ್ಕದಾಗಿ ಫೆರ್ಪಾ ಅನ್ನುತ್ತಾರೆ. ನ್ಯೂಯಾರ್ಕ್‌ನ ಸೆನೆಟರ್ ಜೇಮ್ಸ್ ಬಕ್ಲಿ ಇದನ್ನು ಮುಂದಿಟ್ಟರು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದರು. ಶಾಲೆಗಳು ಮಕ್ಕಳ ಬಗ್ಗೆ ಫೈಲಿನಲ್ಲಿ ಏನೇನೋ ಬರೆದಿಡುತ್ತಿದ್ದ ಕಾಲ ಅದು. ಅದನ್ನು ಹೊರಗಿನವರಿಗೆ ತೋರಿಸುತ್ತಿದ್ದರು, ಹೆತ್ತವರು ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ. ಅದನ್ನು ಸರಿಪಡಿಸಲು ಬಂದ ಕಾಯ್ದೆ ಇದು. ಮಗು ಶಾಲೆಯಲ್ಲಿರುವಾಗ ದಾಖಲೆಯ ಮೇಲಿನ ಹಕ್ಕು ತಂದೆತಾಯಿಯದೇ. ಅವರು ಕೇಳಿದ 45 ದಿನದೊಳಗೆ ತೋರಿಸಬೇಕು. ಮಗುವಿಗೆ 18 ತುಂಬಿದ ದಿನ, ಅಥವಾ ಕಾಲೇಜು ಸೇರಿದ ದಿನ, ಆ ಹಕ್ಕು ಪೂರ್ತಿಯಾಗಿ ಮಗುವಿನ ಕೈಗೆ ಹೋಗುತ್ತದೆ. ಎರಡರಲ್ಲಿ ಯಾವುದು ಮೊದಲು ಬಂದರೆ ಅದು. 17ಕ್ಕೇ ಕಾಲೇಜು ಸೇರಿದ ಹುಡುಗನಿಗೂ ಇದೇ ನಿಯಮ.

ಅಮೆರಿಕದ ಶಿಕ್ಷಣ ಇಲಾಖೆಯಿಂದ ಹಣ ಪಡೆಯುವ ಎಲ್ಲ ಸಂಸ್ಥೆಗಳಿಗೂ ಇದು ಅನ್ವಯ. ಅಲ್ಲಿನ ಬಹುತೇಕ ಖಾಸಗಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಸರ್ಕಾರದ ನೆರವು, ಸಾಲ ಪಡೆಯುವುದರಿಂದ ಅವೂ ಇದರೊಳಗೇ ಬರುತ್ತವೆ. ದಾಖಲೆ ಅಂದರೆ ಬರೀ ಅಂಕಪಟ್ಟಿ ಅಂದುಕೊಳ್ಳಬೇಡಿ. ವಿದ್ಯಾರ್ಥಿಗೆ ಸಂಬಂಧಿಸಿದ, ಕಾಲೇಜು ಇಟ್ಟುಕೊಂಡಿರುವ ಹೆಚ್ಚುಕಡಿಮೆ ಎಲ್ಲವೂ ದಾಖಲೆಯೇ. ಹಾಜರಾತಿ, ಶಿಸ್ತುಕ್ರಮ, ಅಡ್ವೈಸರ್ ಜತೆಗಿನ ಮೇಲ್‌ಗಳು, ಕೊನೆಗೆ ಫೀಸಿನ ಖಾತೆ ಕೂಡ. ಹೌದು, ನೀವು ಕಟ್ಟುವ ಫೀಸಿನ ಬಿಲ್ಲೂ ಅವನ ದಾಖಲೆಯೇ. ಹಣ ಯಾರದು ಅನ್ನುವುದನ್ನು ಈ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅಲ್ಲಿ ಒಂದು ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ತಂದೆತಾಯಿಗಳಿಂದ ಹೆಚ್ಚು ಕೇಳಿದ ಮಾತು ನಿಮ್ಮದೇ: ಕಟ್ಟುವವರು ನಾವಲ್ವಾ? ಅಮೆರಿಕದವರೂ ಇದನ್ನೇ ಕೇಳುತ್ತಿದ್ದರು. ಈ ಸಂಕಟ ನಮ್ಮ ಊರಿನವರದು ಮಾತ್ರ ಅಲ್ಲ.

ಈಗ ನಿಮ್ಮ ತಮ್ಮನ ವಿಷಯ. ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಅಮೆರಿಕದ ಆದಾಯ ತೆರಿಗೆ ಕಾನೂನಿನ ಪ್ರಕಾರ ಮಗ ಅಥವಾ ಮಗಳು ತಂದೆತಾಯಿಯ ಅವಲಂಬಿತರಾಗಿದ್ದರೆ, ಒಪ್ಪಿಗೆ ಇಲ್ಲದೆಯೂ ಕಾಲೇಜು ತಂದೆತಾಯಿಗೆ ದಾಖಲೆ ತೋರಿಸಬಹುದು. ತಮ್ಮ ಅಲ್ಲಿಯೇ ದುಡಿದು, ಅಲ್ಲಿಯೇ ತೆರಿಗೆ ಕಟ್ಟಿ, ಮಗಳನ್ನು ಅವಲಂಬಿತೆ ಎಂದು ತೋರಿಸಿದ್ದರೆ ಆ ತೆರಿಗೆ ಪತ್ರದ ಪ್ರತಿ ಕೊಟ್ಟು ಕೇಳಬಹುದು. ಅಥವಾ ಮಗಳೇ ಒಪ್ಪಿಗೆ ಪತ್ರ ಕೊಟ್ಟಿರಬಹುದು. ನೀವು ಶಿವಮೊಗ್ಗದಲ್ಲಿದ್ದೀರಿ, ಅಮೆರಿಕಕ್ಕೆ ತೆರಿಗೆ ಪತ್ರ ಸಲ್ಲಿಸುವುದಿಲ್ಲ. ಎಫ್-1 ವೀಸಾದಲ್ಲಿ, ಅಂದರೆ ಓದಲು ಬರುವವರಿಗೆ ಕೊಡುವ ವಿದ್ಯಾರ್ಥಿ ವೀಸಾದಲ್ಲಿ, ಹೋದ ಹುಡುಗನನ್ನು ಮೊದಲ ವರ್ಷಗಳಲ್ಲಿ ಅಲ್ಲಿನ ತೆರಿಗೆ ಕಾನೂನು ನಿವಾಸಿ ಎಂದೂ ಪರಿಗಣಿಸುವುದಿಲ್ಲ. ಹಾಗಾಗಿ ಈ ಬಾಗಿಲು ನಿಮಗೆ ತೆರೆಯುವುದಿಲ್ಲ. ತಮ್ಮನಿಗೂ ಇದು ಹಕ್ಕಾಗಿ ಸಿಕ್ಕಿದ್ದಲ್ಲ ಎಂಬುದನ್ನು ಗಮನಿಸಿ. ಕಾಲೇಜು ತೋರಿಸಬಹುದು ಅಂತ ಇದೆಯೇ ಹೊರತು ತೋರಿಸಲೇಬೇಕು ಅಂತ ಇಲ್ಲ. ಅವಲಂಬಿತರಾಗಿದ್ದರೂ ಮಕ್ಕಳನ್ನು ಕೇಳದೆ ಕೊಡುವುದಿಲ್ಲ ಅನ್ನುವ ಕಾಲೇಜುಗಳೂ ಇವೆ.

ನಿಮಗೆ ಉಳಿದಿರುವ ಸರಿಯಾದ ದಾರಿ ಒಪ್ಪಿಗೆ ಪತ್ರ. ಹೆಚ್ಚಿನ ಕಾಲೇಜುಗಳಲ್ಲಿ ಇದಕ್ಕೆ ಸಿದ್ಧ ಫಾರಂ ಇರುತ್ತದೆ. ರಿಜಿಸ್ಟ್ರಾರ್ ಕಚೇರಿಯ ಪುಟದಲ್ಲೋ, ವಿದ್ಯಾರ್ಥಿಯ ಪೋರ್ಟಲ್‌ನಲ್ಲೋ ಸಿಗುತ್ತದೆ. ಯಾವ ದಾಖಲೆ, ಯಾರಿಗೆ, ಯಾವ ಕಾರಣಕ್ಕೆ ಎಂದು ಬರೆದು ಮಗ ಸಹಿ, ದಿನಾಂಕ ಹಾಕಬೇಕು. ಆನ್‌ಲೈನ್ ಸಹಿಯೂ ನಡೆಯುತ್ತದೆ. ಅಂಕಕ್ಕೊಂದು, ಫೀಸಿಗೊಂದು, ಶಿಸ್ತಿನ ವಿಷಯಕ್ಕೊಂದು ಅಂತ ಬೇರೆ ಬೇರೆ ಗುರುತು ಹಾಕುವ ಫಾರಂಗಳೂ ಇರುತ್ತವೆ. ಅವನು ಬರೀ ಫೀಸಿಗೆ ಗುರುತು ಹಾಕಿದರೆ ಅಂಕ ಹೇಳುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು ಅವನು ಮುಂದೆ ಎಂದು ಬೇಕಾದರೂ ವಾಪಸ್ ಪಡೆಯಬಹುದು.

ಒಪ್ಪಿಗೆ ಪತ್ರ ಇದ್ದರೆ ಸೆಮಿಸ್ಟರ್ ಮುಗಿದ ಕೂಡಲೇ ಕಾಲೇಜು ತಾನಾಗಿ ನಿಮಗೆ ಅಂಕಪಟ್ಟಿ ಕಳಿಸುತ್ತದೆ ಅಂದುಕೊಳ್ಳಬೇಡಿ. ನೀವು ಕೇಳಿದಾಗ ಮಾತಾಡಲು ಅವರಿಗೆ ಅನುಮತಿ ಸಿಗುತ್ತದೆ, ಅಷ್ಟೇ. ಹಾಗಾಗಿ ಮಗನೇ ಪೋರ್ಟಲ್ ತೆರೆದು ಅನಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕಾಲೇಜಿನ ಮುದ್ರೆಯಿಲ್ಲದ ಅಂಕಪಟ್ಟಿ, ಇಳಿಸಿ ನಿಮಗೆ ಕಳಿಸುವುದೇ ಸುಲಭ. ಅದಕ್ಕೆ ಫಾರಂ ಬೇಡ, ಯಾರ ಅಪ್ಪಣೆಯೂ ಬೇಡ. ಕೇಳಲು ಒಳ್ಳೆಯ ನೆಪವೂ ನಿಮಗಿದೆ. ಶಿಕ್ಷಣ ಸಾಲದ ಮುಂದಿನ ಕಂತು ಬಿಡುವ ಮೊದಲು ಬ್ಯಾಂಕಿನವರು ಸಾಮಾನ್ಯವಾಗಿ ಅಂಕಪಟ್ಟಿ ಕೇಳುತ್ತಾರೆ. ಸಾಲದ ಕಾಗದಕ್ಕೆ ಅವನೂ ಸಹಿ ಹಾಕಿರುತ್ತಾನೆ. ಅನುಮಾನದ ದನಿಯಲ್ಲಿ ಕೇಳುವುದಕ್ಕಿಂತ, ಬ್ಯಾಂಕಿಗೆ ಬೇಕು, ಕಳಿಸು ಮಗಾ ಅಂತ ಕೇಳುವುದು ಇಬ್ಬರಿಗೂ ಹಗುರ. ಬ್ಯಾಂಕ್ ನಿಜವಾಗಿ ಕೇಳಿದ್ದರೆ ಮಾತ್ರ ಹೀಗೆ ಹೇಳಿ. ಸುಳ್ಳು ಹೇಳಿ ತರಿಸಿಕೊಂಡರೆ ಮುಂದಿನ ಸಲ ಅವನು ನಂಬುವುದಿಲ್ಲ.

ಫೀಸಿನ ಮಟ್ಟಿಗೆ ಇನ್ನೊಂದು ಅನುಕೂಲ ಇದೆ. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ತನ್ನ ಖಾತೆಗೆ ಹಣ ಕಟ್ಟುವವರನ್ನು ಸೇರಿಸಬಹುದು. ನಿಮಗೇ ಬೇರೆ ಲಾಗಿನ್ ಸಿಗುತ್ತದೆ. ಅದರಲ್ಲಿ ಬಿಲ್ಲು, ಬಾಕಿ, ರಸೀದಿ ಕಾಣುತ್ತವೆ. ಅಂಕ ಕಾಣುವುದಿಲ್ಲ. ಆದರೂ ಈ ಸೆಮಿಸ್ಟರ್‌ಗೆ ಬಿಲ್ಲು ಬಂದಿದೆಯೇ, ಎಷ್ಟು ಬಂದಿದೆ ಎಂಬುದರಿಂದಲೇ ಅವನು ಎಷ್ಟು ಕೋರ್ಸ್ ತೆಗೆದುಕೊಂಡಿದ್ದಾನೆ ಎಂಬ ಸುಳಿವು ಸಿಗಬಹುದು.

ಪಾಸ್‌ವರ್ಡ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು. ಅರ್ಜಿ ಹಾಕುವ ಕಾಲದಲ್ಲಿ ಕನ್ಸಲ್ಟೆನ್ಸಿಯವರು ಮೇಲ್ ಖಾತೆ, ಪಾಸ್‌ವರ್ಡ್ ಎಲ್ಲ ತಾವೇ ಮಾಡಿಕೊಡುವ ರೂಢಿ ನಮ್ಮಲ್ಲಿದೆ. ಸೀಟು ಸಿಕ್ಕ ಮೇಲೂ ಅದು ಅವರ ಹತ್ತಿರವೇ ಉಳಿಯುತ್ತದೆ. ಇದು ದೊಡ್ಡ ಅಪಾಯ. ಆ ಪೋರ್ಟಲ್‌ನಲ್ಲಿ ಅಂಕ ಮಾತ್ರ ಇರುವುದಿಲ್ಲ. ಕೋರ್ಸ್ ಬಿಡುವ ಬಟನ್ ಇರುತ್ತದೆ. ಮರುಪಾವತಿಯ ಹಣ ಯಾವ ಬ್ಯಾಂಕ್ ಖಾತೆಗೆ ಹೋಗಬೇಕು ಅನ್ನುವ ವಿವರ ಇರುತ್ತದೆ. ಪಾಸ್‌ಪೋರ್ಟ್, ವೀಸಾ ಕಾಗದಗಳ ಪ್ರತಿ ಇರಬಹುದು. ಇದನ್ನೆಲ್ಲ ಹೊರಗಿನವರ ಕೈಯಲ್ಲಿ ಬಿಡುವುದು ಸರಿಯಲ್ಲ. ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಬಾರದೆಂಬ ನಿಯಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮುರಿದರೆ ಶಿಸ್ತುಕ್ರಮ ಬರುವುದು ಮಗನ ಮೇಲೆ. ನೀವು ಒಳ್ಳೆಯ ಮನಸ್ಸಿನಿಂದ ನೋಡಿಸಿದರೂ ಪೆಟ್ಟು ತಿನ್ನುವವನು ಅವನೇ. ಇವತ್ತೇ ಅವನಿಗೆ ಹೇಳಿ ಪಾಸ್‌ವರ್ಡ್ ಬದಲಾಯಿಸಿಸಿ. ಅವನ ಹೆಸರಿನಲ್ಲಿ ನೀವೇ ಕಾಲೇಜಿಗೆ ಮೇಲ್ ಬರೆಯುವ ಯೋಚನೆ ಬಂದರೆ ಅದನ್ನೂ ಬಿಡಿ.

ಒಪ್ಪಿಗೆ ಇಲ್ಲದೆಯೂ ಕಾಲೇಜು ಯಾರಿಗೆ ಬೇಕಾದರೂ ಹೇಳಬಹುದಾದ ಕೆಲವು ವಿವರಗಳಿವೆ. ಅವನ್ನು ಡೈರೆಕ್ಟರಿ ಮಾಹಿತಿ ಅನ್ನುತ್ತಾರೆ. ಹೆಸರು, ಓದುತ್ತಿರುವ ವಿಷಯ, ದಾಖಲಾತಿ ಇದೆಯೇ ಇಲ್ಲವೇ, ಪೂರ್ಣಾವಧಿಯೇ ಅರೆಕಾಲಿಕವೇ, ಪಡೆದ ಪದವಿ, ಬಹುಮಾನ ಇಂಥವು. ಈ ಪಟ್ಟಿಯಲ್ಲಿ ಏನಿರಬೇಕೆಂದು ಪ್ರತಿ ಕಾಲೇಜೂ ತಾನೇ ತೀರ್ಮಾನಿಸಿ ವಿದ್ಯಾರ್ಥಿಗಳಿಗೆ ತಿಳಿಸುತ್ತದೆ. ನೀವು ಮೇಲ್ ಮಾಡಿದಾಗ ಬಹುಶಃ ಅಂಕವನ್ನೇ ಕೇಳಿದಿರಿ. ಇನ್ನೊಮ್ಮೆ ಬರೆದು, ಈ ಸೆಮಿಸ್ಟರ್‌ನಲ್ಲಿ ಈ ಹೆಸರಿನ ವಿದ್ಯಾರ್ಥಿ ಪೂರ್ಣಾವಧಿಗೆ ದಾಖಲಾಗಿದ್ದಾನೆಯೇ ಎಂದಷ್ಟೇ ಕೇಳಿ. ಉತ್ತರ ಸಿಗುವ ಸಾಧ್ಯತೆ ಜಾಸ್ತಿ. ವಿದ್ಯಾರ್ಥಿ ಇದನ್ನೂ ಹೇಳಬೇಡಿ ಎಂದು ಬರೆದುಕೊಟ್ಟಿದ್ದರೆ ಮಾತ್ರ ಹೇಳುವುದಿಲ್ಲ. ಆಗ ಕೆಲವು ಕಚೇರಿಗಳು, ಈ ಹೆಸರಿನವರ ಬಗ್ಗೆ ನಮ್ಮಲ್ಲಿ ಮಾಹಿತಿ ಇಲ್ಲ ಎಂದು ಉತ್ತರಿಸುತ್ತವೆ. ಅಂಥ ಉತ್ತರ ಬಂದರೆ ಮಗ ಕಾಲೇಜೇ ಬಿಟ್ಟಿದ್ದಾನೆ ಎಂದು ಗಾಬರಿಯಾಗಬೇಡಿ. ಅದು ಗುಟ್ಟು ಕಾಯಲು ಹೇಳುವ ವಾಕ್ಯವೂ ಆಗಿರಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ನಿದ್ದೆ ಕೆಡಿಸಿರುವುದು ಅಂಕಕ್ಕಿಂತ ಇದೇ ಅಂತ ಪತ್ರ ಓದಿದರೆ ತಿಳಿಯುತ್ತದೆ.

ವಿದ್ಯಾರ್ಥಿಯ ಅಥವಾ ಬೇರೆಯವರ ಆರೋಗ್ಯಕ್ಕೆ, ಜೀವಕ್ಕೆ ಗಂಭೀರ ಅಪಾಯ ಇದೆ ಎಂದು ಕಾಲೇಜಿಗೆ ಅನ್ನಿಸಿದರೆ, ಬೇಕಾದವರಿಗೆ ಮಾಹಿತಿ ಕೊಡಬಹುದು. ತಂದೆತಾಯಿಯೂ ಅದರಲ್ಲಿ ಸೇರುತ್ತಾರೆ. ತೆರಿಗೆ, ಒಪ್ಪಿಗೆ ಯಾವುದೂ ಆಗ ಅಡ್ಡ ಬರುವುದಿಲ್ಲ. ಇದು ಮೊದಲಿನಿಂದಲೂ ಕಾಯ್ದೆಯಲ್ಲಿತ್ತು. ಆದರೆ ಕಾಲೇಜುಗಳು ಇದನ್ನು ಬಳಸಲು ಹೆದರುತ್ತಿದ್ದವು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದ. ಅವನ ಮನಸ್ಸಿನ ಸ್ಥಿತಿ ಸರಿಯಿಲ್ಲ ಎಂಬುದಕ್ಕೆ ಮೊದಲೇ ಹಲವರಿಗೆ ಹಲವು ಸುಳಿವು ಸಿಕ್ಕಿದ್ದವು. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಲುಪಿರಲಿಲ್ಲ. ಖಾಸಗಿತನದ ಕಾನೂನುಗಳನ್ನು ಸಿಬ್ಬಂದಿ ತಪ್ಪಾಗಿ ತಿಳಿದುಕೊಂಡಿದ್ದೂ ಅದಕ್ಕೆ ಒಂದು ಕಾರಣ ಎಂದು ತನಿಖಾ ಸಮಿತಿ ಹೇಳಿತು. 2008ರ ಕೊನೆಯಲ್ಲಿ ಶಿಕ್ಷಣ ಇಲಾಖೆ ನಿಯಮವನ್ನು ತಿದ್ದಿತು. ಆ ಹೊತ್ತಿನಲ್ಲಿ ಕೈಯಲ್ಲಿದ್ದ ಮಾಹಿತಿಯ ಆಧಾರದ ಮೇಲೆ ಕಾಲೇಜು ತೆಗೆದುಕೊಂಡ ತೀರ್ಮಾನಕ್ಕೆ ತಕ್ಕ ಕಾರಣ ಇದ್ದರೆ, ಇಲಾಖೆ ಅದನ್ನು ಆಮೇಲೆ ಪ್ರಶ್ನಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಇನ್ನೊಂದು ವಿನಾಯಿತಿಯೂ ಇದೆ. 21 ತುಂಬದ ವಿದ್ಯಾರ್ಥಿ ಮದ್ಯ ಅಥವಾ ಮಾದಕ ವಸ್ತುವಿನ ನಿಯಮ ಮುರಿದರೆ ಕಾಲೇಜು ತಂದೆತಾಯಿಗೆ ತಿಳಿಸಬಹುದು. ಇದೂ ಕಾಲೇಜಿನ ಇಷ್ಟಕ್ಕೆ ಬಿಟ್ಟದ್ದು. ಕ್ಯಾಂಪಸ್ಸಿನ ವೈದ್ಯರು, ಆಪ್ತ ಸಲಹೆಗಾರರ ಹತ್ತಿರ ಇರುವ ಚಿಕಿತ್ಸೆಯ ದಾಖಲೆ ಬೇರೆ. ಅದಕ್ಕೆ ರಾಜ್ಯದ ಕಾನೂನು, ವೃತ್ತಿಯ ನಿಯಮ ಎಲ್ಲ ಸೇರುತ್ತವೆ. ಅಂಕಕ್ಕೆ ಕೊಟ್ಟ ಒಪ್ಪಿಗೆ ಪತ್ರ ಅಲ್ಲಿ ನಡೆಯುವುದಿಲ್ಲ, ಬೇರೆಯೇ ಬೇಕು.

ಈಗ ನಾನು ಮೊದಲೇ ಹೇಳಿದ ಮುಖ್ಯ ಮಾತು. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುವ ಡೀನ್ ಕಚೇರಿ ಇರುತ್ತದೆ. ಡೀನ್ ಆಫ್ ಸ್ಟೂಡೆಂಟ್ಸ್ ಅನ್ನುತ್ತಾರೆ. ಅಂಕದ ಕಚೇರಿಗೆ ಬರೆಯುವುದನ್ನು ಬಿಟ್ಟು ಅವರಿಗೆ ಬರೆಯಿರಿ. ಕೇಳುವ ಪತ್ರ ಬೇಡ, ತಿಳಿಸುವ ಪತ್ರ ಬರೆಯಿರಿ. ಮಗನ ಪೂರ್ತಿ ಹೆಸರು, ವಿದ್ಯಾರ್ಥಿ ಸಂಖ್ಯೆ ಹಾಕಿ. ಕೊನೆಯ ಸಲ ಯಾವತ್ತು ಮಾತಾಡಿದ, ಯಾವಾಗಿನಿಂದ ಬದಲಾಗಿದ್ದಾನೆ, ಊಟ ನಿದ್ದೆಯ ಬಗ್ಗೆ ಏನಾದರೂ ಹೇಳಿದ್ದನೇ, ನಿಮಗೆ ನಿಜವಾಗಿ ಏನು ಭಯ ಎಂಬುದನ್ನು ಐದಾರು ಸಾಲಿನಲ್ಲಿ ಬರೆಯಿರಿ. ಅವನ ದಾಖಲೆ ನನಗೆ ಬೇಡ, ಯಾರಾದರೂ ಒಮ್ಮೆ ಅವನನ್ನು ಕಂಡು ಮಾತಾಡಿಸಿ, ಮನೆಗೆ ಫೋನ್ ಮಾಡಲು ಹೇಳಿ ಎಂದು ಕೇಳಿಕೊಳ್ಳಿ. ಈ ಪತ್ರಕ್ಕೆ ಕಾನೂನಿನ ನೆಪದ ಉತ್ತರ ಬರುವುದು ಕಡಿಮೆ. ಅವನು ಹೇಗಿದ್ದಾನೆಂದು ಅವರು ನಿಮಗೆ ಹೇಳದಿರಬಹುದು. ಆದರೆ ಅವನ ಬಾಗಿಲು ತಟ್ಟುವವರು ಒಬ್ಬರಾದರೂ ಇರುತ್ತಾರೆ. ದೂರದಲ್ಲಿರುವ ತಾಯಿಯ ಒಂದು ಪತ್ರದಿಂದ ಸರಿಯಾದ ಹೊತ್ತಿಗೆ ನೆರವು ಸಿಕ್ಕ ಮಕ್ಕಳನ್ನು ನಾನು ಕಂಡಿದ್ದೇನೆ.

ಬರೆಯುವಾಗ ಒಂದು ಎಚ್ಚರಿಕೆ ಇರಲಿ. ನಿಮ್ಮ ಪತ್ರವನ್ನು ಅವರು ಫೈಲಿನಲ್ಲಿಟ್ಟರೆ ಅದೂ ಮಗನ ದಾಖಲೆಯಾಗುತ್ತದೆ. ಕೇಳಿ ಓದುವ ಹಕ್ಕು ಅವನಿಗಿದೆ. ಅವನು ಓದಿದರೆ ನೋಯುವಂಥ, ಬೈಗುಳದಂಥ ಮಾತು ಅದರಲ್ಲಿ ಬೇಡ. ಕಾಳಜಿ ಮಾತ್ರ ಇರಲಿ. ಸಾಧ್ಯವಾದರೆ ಬರೆಯುವ ಮೊದಲು ಅವನಿಗೂ ಒಂದು ಮೆಸೇಜ್ ಹಾಕಿ, ನಿನ್ನ ಚಿಂತೆಯಾಗಿ ಕಾಲೇಜಿಗೆ ಬರೆಯುತ್ತಿದ್ದೇನೆ ಅಂತ.

ಪ್ರೊಫೆಸರ್ ಒಬ್ಬರು ಕಣ್ಣಾರೆ ಕಂಡದ್ದು ದಾಖಲೆಯಲ್ಲ. ಹುಡುಗ ಮಂಕಾಗಿದ್ದಾನೆ, ಸೊರಗಿದ್ದಾನೆ ಎಂದು ಅವರು ನಿಮಗೆ ಹೇಳಿದರೆ ಫೆರ್ಪಾ ಮುರಿದಂತೆ ಆಗುವುದಿಲ್ಲ. ಆದರೂ ಅನೇಕರು ಹೆದರಿ ಬಾಯಿ ಬಿಡುವುದಿಲ್ಲ. ಅವರನ್ನು ಒತ್ತಾಯಿಸಬೇಡಿ.

ತುರ್ತು ಇದ್ದರೆ ಮೇಲ್ ಕಾಯುತ್ತಾ ಕೂರಬೇಡಿ. ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ ನಮಗೆ ಸಂಜೆ ಅಥವಾ ರಾತ್ರಿಯಾಗಿರುತ್ತದೆ. ಅಮೆರಿಕದ ತುರ್ತು ನಂಬರ್ 911. ಇಲ್ಲಿಂದ ಅದನ್ನು ಒತ್ತಿದರೆ ಅಮೆರಿಕದ ಪೊಲೀಸರಿಗೆ ಹೋಗುವುದಿಲ್ಲ. ಹಾಗಾಗಿ ಮಗನ ಕ್ಯಾಂಪಸ್ ಪೊಲೀಸ್ ಅಥವಾ ಭದ್ರತಾ ಕಚೇರಿಯ ಪೂರ್ತಿ ನಂಬರನ್ನು, ಮುಂದೆ +1 ಸೇರಿಸಿ, ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಕರೆ ಮಾಡಿ ವೆಲ್‌ನೆಸ್ ಚೆಕ್ ಬೇಕು ಅನ್ನಿ. ಆ ಎರಡು ಪದ ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ. ಅವನ ಕೋಣೆಗೆ ಹೋಗಿ ನೋಡಿ ಬರುತ್ತಾರೆ. ಅವನು ಹಾಸ್ಟೆಲಿನ ಹೊರಗಿದ್ದರೆ ವಿಳಾಸ ನಿಮ್ಮ ಹತ್ತಿರ ಇರಬೇಕು. ರೂಮ್‌ಮೇಟ್ ಒಬ್ಬನ ನಂಬರೂ ಇರಲಿ.

ಇದೇ ಕಾಯ್ದೆ ನಿಮ್ಮ ಗುಟ್ಟನ್ನೂ ಕಾಯುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಪ್ರವೇಶದ ಕಾಲಕ್ಕೆ ನೀವು ಕೊಟ್ಟ ಬ್ಯಾಂಕ್ ವಿವರ, ಆಸ್ತಿ ಕಾಗದಗಳನ್ನು ಮಗ ಕೇಳಿದರೂ ಕಾಲೇಜು ತೋರಿಸಬೇಕಿಲ್ಲ. ನಮ್ಮ ದೇಶವೂ ನಿಧಾನಕ್ಕೆ ಇದೇ ಕಡೆ ಹೊರಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಂದೆತಾಯಿಯ ಒಪ್ಪಿಗೆ ಕೇಳುವುದು 18ರೊಳಗಿನ ಮಕ್ಕಳಿಗೆ ಮಾತ್ರ. ಅದು ದಾಟಿದ ಮೇಲೆ ಒಪ್ಪಿಗೆ ಕೊಡುವವರು ಅವರೇ.

ಕಾಲೇಜಿನ ಮೇಲೆ ದೂರು ಕೊಡಬಹುದೇ ಅನ್ನುವ ಯೋಚನೆ ಇದ್ದರೆ, ಇಲ್ಲಿ ಅದಕ್ಕೆ ಜಾಗವಿಲ್ಲ. ಹಕ್ಕು ಮಗನದು, ದೂರೂ ಅವನೇ ಕೊಡಬೇಕು. ಅವನ ದಾಖಲೆ ಬೇರೆಯವರಿಗೆ ಹೋಗಿದ್ದರೆ, ಗೊತ್ತಾದ 180 ದಿನದೊಳಗೆ ಅಮೆರಿಕದ ಶಿಕ್ಷಣ ಇಲಾಖೆಗೆ ಬರೆಯಬಹುದು. ಫೆರ್ಪಾ ಹೆಸರಿನಲ್ಲಿ ವ್ಯಕ್ತಿಯೊಬ್ಬರು ಕಾಲೇಜಿನ ಮೇಲೆ ಕೋರ್ಟಿಗೆ ಹೋಗಲು ಬರುವುದಿಲ್ಲ ಎಂದು 2002ರಲ್ಲಿ ಗೊಂಜಾಗ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಮಗ ಮಾತಿಗೆ ಸಿಕ್ಕಾಗ ಅಂಕ ಎಷ್ಟು ಎಂದು ಮೊದಲು ಕೇಳಬೇಡಿ. ಐ-20 ಸರಿಯಾಗಿದೆಯೇ, ಈ ಸೆಮಿಸ್ಟರ್‌ನಲ್ಲಿ ಎಷ್ಟು ಕ್ರೆಡಿಟ್ ತೆಗೆದುಕೊಂಡಿದ್ದೀಯ ಎಂದು ಕೇಳಿ. ಐ-20 ಅಂದರೆ ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಕಾಗದ. ಕ್ರೆಡಿಟ್ ಅಂದರೆ ಒಂದೊಂದು ಕೋರ್ಸಿನ ಓದಿನ ಹೊರೆಯನ್ನು ಅಳೆಯುವ ಲೆಕ್ಕ. ಎಫ್-1 ವೀಸಾದಲ್ಲಿ ಪದವಿ ಓದುವವರು ಸಾಮಾನ್ಯವಾಗಿ ಪ್ರತಿ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಅಂಕ ಕಡಿಮೆ ಬಂದೀತೆಂದು ಹೆದರಿ ಮಕ್ಕಳು ಕೋರ್ಸ್ ಬಿಟ್ಟುಬಿಡುತ್ತಾರೆ. 12ಕ್ಕಿಂತ ಕೆಳಗೆ ಇಳಿಯುತ್ತದೆ. ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡುವ ಅಧಿಕಾರಿಯನ್ನು ಡಿಎಸ್‌ಒ ಅನ್ನುತ್ತಾರೆ. ಅವರ ಅನುಮತಿ ಇಲ್ಲದೆ ಹೀಗೆ ಮಾಡಿದರೆ ವೀಸಾ ಸ್ಥಿತಿಯೇ ಹೋಗುತ್ತದೆ. ಐ-20ಗೆ ಸಹಿ ಹಾಕುವಾಗಲೇ ಇಂಥ ಮಾಹಿತಿಯನ್ನು ಅಮೆರಿಕದ ಗೃಹ ಭದ್ರತಾ ಇಲಾಖೆಗೆ ಕೊಡಲು ಅವನು ಒಪ್ಪಿರುತ್ತಾನೆ. ಕಾಲೇಜು 21 ದಿನದೊಳಗೆ ಸರ್ಕಾರಕ್ಕೆ ವರದಿ ಮಾಡಬೇಕು. ಫೇಲಾದ ವಿಷಯವನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಓದಬಹುದು. ಹೋದ ವೀಸಾ ಸ್ಥಿತಿಯನ್ನು ವಾಪಸ್ ಪಡೆಯುವುದು ಬಹಳ ಕಷ್ಟ, ಕೆಲವು ಸಲ ಆಗುವುದೇ ಇಲ್ಲ. ಕೋರ್ಸ್ ಬಿಡುವ ಯೋಚನೆ ಇದ್ದರೆ, ಅಥವಾ ಆಗಲೇ ಬಿಟ್ಟಿದ್ದರೆ, ನಾಳೆ ಬೆಳಿಗ್ಗೆಯೇ ಡಿಎಸ್‌ಒ ಹತ್ತಿರ ಹೋಗಲು ಹೇಳಿ. ಅಂಕದ ಬಗ್ಗೆ ಬೈಯುವುದಿಲ್ಲ ಅಂತಲೂ ಹೇಳಿ.